ಮಳೆಗಾಲ ಬೇರೆಯಾದ ನಾಡಿನಲ್ಲಿ ಶ್ರಾವಕರ ಮನೆ

ಚಾತುರ್ಮಾಸವೆಂದರೆ ಮಳೆಯ ನಾಲ್ಕು ತಿಂಗಳು ಎಂಬುದನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿ ಬಂದಿದ್ದೇವೆ. ಆಷಾಢದಲ್ಲಿ ನೆಲ ಹಸಿಯಾಗುತ್ತದೆ, ಹುಲ್ಲು ಚಿಗುರುತ್ತದೆ. ಕಣ್ಣಿಗೆ ಕಾಣುವ ಮತ್ತು ಕಾಣದ ಅಸಂಖ್ಯಾತ ಜೀವಗಳು ಹುಟ್ಟಿ ದಾರಿಯನ್ನು ತುಂಬುತ್ತವೆ. ಆದುದರಿಂದಲೇ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಶ್ರಾವಕರು ಸೊಪ್ಪುಗಳನ್ನು ತ್ಯಜಿಸುತ್ತಾರೆ, ಅನಾವಶ್ಯಕ ಪ್ರಯಾಣವನ್ನು ಮಿತಿಗೊಳಿಸುತ್ತಾರೆ. ನಿಯಮವೂ ಕಾರಣವೂ ಒಂದೇ ಋತುವಿನಲ್ಲಿ ಕೈಹಿಡಿದು ಬರುವುದರಿಂದ ಊರಿನಲ್ಲಿದ್ದಾಗ ಅವೆರಡನ್ನೂ ಬೇರೆ ಬೇರೆಯಾಗಿ ನೋಡುವ ಪ್ರಸಂಗವೇ ಒದಗುವುದಿಲ್ಲ. ಆದರೆ ಆಷಾಢದಲ್ಲಿ ಒಂದು ಹನಿಯೂ ಬೀಳದ, ದೀಪಾವಳಿಯ ವೇಳೆಗೆ ಮಳೆ ಆರಂಭವಾಗುವ ನಾಡಿನಲ್ಲಿ ಸಂಸಾರ ಹೂಡಿದ ಶ್ರಾವಕನು ಏನು ಮಾಡಬೇಕು?

ಈ ಪ್ರಶ್ನೆಯನ್ನು ನಾನು ಶಾಸ್ತ್ರಚರ್ಚೆಗಾಗಿ ಎತ್ತುತ್ತಿಲ್ಲ. ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಿಂದ ಹೊರಟ ನಾವು 2011ರಿಂದ ಬೋಟ್ಸ್ವಾನಾ ದೇಶದ ರಾಜಧಾನಿ ಗ್ಯಾಬರೋನಿನಲ್ಲಿ ವಾಸವಾಗಿದ್ದೇವೆ. ನನ್ನದು ಲೆಕ್ಕಪತ್ರದ ಉದ್ಯೋಗ. ಬಾಡಿಗೆಯ ಮನೆ, ಸುತ್ತ ಎತ್ತರದ ಗೋಡೆ, ಹಿತ್ತಲಲ್ಲಿ ಎರಡು ಮರ. ಇಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಆಕಾಶ ನಿರ್ಮಲವಾಗಿರುತ್ತದೆ, ನೆಲ ಒಣಗಿ ಬಿರಿಯುತ್ತದೆ. ನಮ್ಮ ಊರಿನಲ್ಲಿ ಕಂಬಳಿ ಹೊದ್ದು ಮಳೆಯನ್ನು ನೋಡುವ ದಿನಗಳಲ್ಲಿ ಇಲ್ಲಿ ಚಳಿಗಾಲದ ಇಬ್ಬನಿ ಹೆಪ್ಪುಗಟ್ಟುವುದುಂಟು. ದಶಲಕ್ಷಣ ಪರ್ವದ ಕಾಲಕ್ಕೆ ಅಂಗಳದಲ್ಲಿ ಒಂದು ಇರುವೆಯೂ ಅಪರೂಪ. ಕಾರ್ತಿಕ ಅಮಾವಾಸ್ಯೆಯಂದು ವೀರನಿರ್ವಾಣವನ್ನು ಆಚರಿಸಿ, ಚಾತುರ್ಮಾಸ ಮುಗಿಯಿತೆಂದು ಊರಿನಿಂದ ವಾರ್ತೆ ಬರುವಾಗ ಇಲ್ಲಿ ಮೊದಲ ಗುಡುಗು ಕೇಳುತ್ತದೆ. ಜೀವರಾಶಿ ನೆಲದಿಂದ ಮೇಲೇಳುವುದು ಆಗ.

ಮಳೆಗೆ ಇಲ್ಲಿಯ ಜನ ‘ಪುಲಾ’ ಎನ್ನುತ್ತಾರೆ. ಅದೇ ಅವರ ರಾಷ್ಟ್ರದ ಧ್ಯೇಯವಾಕ್ಯ. ಸಭೆಗಳಲ್ಲಿ ಶುಭವನ್ನು ಕೋರುವ ಘೋಷ. 1976ರಿಂದ ಅವರ ನಾಣ್ಯದ ಹೆಸರೂ ಅದೇ. ಹಣಕ್ಕೆ ಮಳೆಯ ಹೆಸರಿಟ್ಟ ಜನರು ನೀರಿನ ಬೆಲೆಯನ್ನು ಬಲ್ಲವರೆಂದು ಬೇರೆ ಹೇಳಬೇಕಾಗಿಲ್ಲ. 2015ರಲ್ಲಿ ಗ್ಯಾಬರೋನಿನ ಅಣೆಕಟ್ಟು ಬಹುತೇಕ ಬತ್ತಿಹೋಯಿತು. ಅದು ಮತ್ತೆ ತುಂಬಿದ್ದು 2017ರಲ್ಲಿ. ಉತ್ತರದ ಲೆಟ್ಸಿಬೋಗೊ ಅಣೆಕಟ್ಟಿನಿಂದ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಬರುವ ನೀರೇ ಆಗ ಊರಿಗೆ ದೊಡ್ಡ ಆಧಾರ. ನಲ್ಲಿಯಲ್ಲಿ ನೀರು ಬಾರದ ದಿನಗಳಲ್ಲಿ ಸ್ನಾನದ ನೀರು ಬಕೆಟ್ಟಿನಲ್ಲಿ ಸೇರಿ ಗಿಡಕ್ಕೆ ಹೋಗುತ್ತಿತ್ತು, ಅಕ್ಕಿ ತೊಳೆದ ನೀರು ಪಾತ್ರೆಗೆ. ನನ್ನ ಅವ್ವ ಊರಿನಲ್ಲಿ ಬಾವಿಯ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುತ್ತಿದ್ದಳು. ನೂರಾರು ಕಿಲೋಮೀಟರ್ ದೂರದಿಂದ ಬಂದ ನೀರನ್ನು ಸೋಸಿದವರು ಉಳಿದುದನ್ನು ಎಲ್ಲಿಗೆ ಮರಳಿಸಬೇಕು? ಆ ವಿಧಿಯನ್ನು ನಮ್ಮಿಂದ ಪೂರ್ಣವಾಗಿ ಪಾಲಿಸಲಾಗುತ್ತಿಲ್ಲ. ಆದರೆ ನೀರೂ ಜೀವವೆಂಬ ಅವಳ ನಂಬಿಕೆಯಿಂದ ಹುಟ್ಟಿದ ಮಿತವ್ಯಯವನ್ನು ಆ ಎರಡು ವರ್ಷಗಳು ನಮ್ಮ ಮನೆಯಲ್ಲಿ ಗಟ್ಟಿಗೊಳಿಸಿದವು.

ಇನ್ನು ಹುಳುಗಳ ವಿಷಯ. ಮೊದಲ ಮಳೆ ಬಿದ್ದ ಸಂಜೆ ಗೆದ್ದಲು ರೆಕ್ಕೆ ಪಡೆದು ನೆಲದ ಬಿಲಗಳಿಂದ ಹೊಗೆಯಂತೆ ಏಳುತ್ತದೆ. ಒಂದು ದೀಪ ಹೊತ್ತಿದ್ದರೆ ಸಾಕು, ಸಾವಿರಾರು ಬಂದು ಬಡಿದು ಸಾಯುತ್ತವೆ. ರಾತ್ರಿಭೋಜನ ತ್ಯಾಗದ ಅರ್ಥವನ್ನು ಮಕ್ಕಳಿಗೆ ಬಾಯಿಮಾತಿನಿಂದ ತಿಳಿಸುವ ಅಗತ್ಯವೇ ಆಗ ಉಳಿಯುವುದಿಲ್ಲ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಏಳು ಗಂಟೆಯ ಸಮೀಪ. ಜೂನ್‌ನಲ್ಲಿ ಐದೂವರೆಗೇ ಕತ್ತಲೆ. ಚಳಿಗಾಲದಲ್ಲಿ ಕಚೇರಿಯಿಂದ ಓಡಿಬಂದು ಊಟ ಮುಗಿಸುವುದು ಕಷ್ಟಸಾಧ್ಯ, ಆದರೆ ಆಗ ಹುಳುಗಳಿಲ್ಲ. ಬೇಸಿಗೆಯಲ್ಲಿ ಹುಳುಗಳಿವೆ, ಆದರೆ ಹಗಲು ದೀರ್ಘ. ಪ್ರಕೃತಿಯು ನಿಯಮಕ್ಕೆ ತಾನೇ ಅನುಕೂಲ ಮಾಡಿಕೊಟ್ಟಂತಿದೆ ಎಂದು ನನ್ನ ಶ್ರೀಮತಿಯವರು ಹೇಳುತ್ತಾರೆ.

ಅವರು ನಮ್ಮ ಮನೆಗೆ ಮಾಡಿರುವ ವ್ಯವಸ್ಥೆ ಹೀಗಿದೆ. ಪಂಚಾಂಗದ ಚಾತುರ್ಮಾಸದಲ್ಲಿ ಊರಿನವರೊಡನೆ ನಾವೂ ಸೊಪ್ಪನ್ನು ಬಿಡುತ್ತೇವೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಇಲ್ಲಿಯ ಸೊಪ್ಪಿನ ಎಲೆ ಎಲೆಯಲ್ಲೂ ಹುಳು ಇರುವಾಗ, ಮತ್ತೊಮ್ಮೆ ಬಿಡುತ್ತೇವೆ. ಆ ತಿಂಗಳುಗಳಲ್ಲಿ ದೂರದ ಪ್ರವಾಸವಿಲ್ಲ, ಅಂಗಳದ ದೀಪವಿಲ್ಲ, ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿ. ದೀಪಾವಳಿಯಂದು ನಿರ್ವಾಣಪೂಜೆಯನ್ನು ಪ್ರಾತಃಕಾಲ ನೆರವೇರಿಸುತ್ತೇವೆ. ಸಂಜೆಗೆ ಸಾಲುಹಣತೆಗಳ ಬದಲು ಗಾಜಿನ ಬುರುಡೆಯೊಳಗೆ ಒಂದೇ ದೀಪ, ಅದೂ ಮನೆಯ ಒಳಗೆ. ಮೊದಲ ವರ್ಷ ಮಗಳು ಅತ್ತಳು. ಊರಿನ ಮನೆಯ ಹಣತೆಗಳ ಸಾಲು ಅವಳ ಕಣ್ಣಿನಲ್ಲಿತ್ತು. ದೂರವಾಣಿಯಲ್ಲಿ ಅವ್ವ ಅವಳನ್ನು ಸಂತೈಸುತ್ತ, “ತಿಥಿ ನಮ್ಮ ಊರಿಂದವ್ವಾ, ಹುಳ ನಿಮ್ಮ ಊರಿಂದು. ಎರಡನ್ನೂ ನೋಡಬೇಕಲ್ಲ” ಎಂದಳು. ಇದಕ್ಕಿಂತ ಸರಳವಾದ ವ್ಯಾಖ್ಯಾನವನ್ನು ನಾನು ಮತ್ತೆಲ್ಲಿಯೂ ಕೇಳಿಲ್ಲ.

ಗೆದ್ದಲಿನ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ. ಮಳೆಗೆ ಮುಂಚೆ ಮನೆಯ ತಳಪಾಯಕ್ಕೂ ಅಂಗಳಕ್ಕೂ ಔಷಧ ಸಿಂಪಡಿಸಬೇಕೆಂಬುದು ಮನೆಯ ಮಾಲೀಕರ ಷರತ್ತು. ಗೃಹಸ್ಥನಿಗೆ ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹಿಂಸೆಯ ನಾಲ್ಕು ಭೇದಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ಅದರಲ್ಲಿ ಸಂಕಲ್ಪಪೂರ್ವಕವಾದುದನ್ನು ಶ್ರಾವಕನು ಬಿಡಲೇಬೇಕು. ತಳಪಾಯದ ಔಷಧ ಯಾವ ಭೇದಕ್ಕೆ ಸೇರಿತು? ಕೊಲ್ಲುವುದಕ್ಕಾಗಿಯೇ ಸಿಂಪಡಿಸುವುದು ಸಂಕಲ್ಪವೆಂದು ಒಬ್ಬರು ಹೇಳಬಹುದು. ಮನೆಯನ್ನು ಉಳಿಸಿಕೊಳ್ಳುವ ಆರಂಭವೆಂದು ಇನ್ನೊಬ್ಬರು. ನಾವು ಮಾಲೀಕರೊಡನೆ ಮಾತನಾಡಿದೆವು. ಬಿರುಕುಗಳನ್ನೆಲ್ಲ ನಮ್ಮ ಖರ್ಚಿನಲ್ಲಿ ಮುಚ್ಚಿಸಿದೆವು, ಮರದ ಕಪಾಟುಗಳನ್ನು ತೆಗೆದು ಕಬ್ಬಿಣದವನ್ನು ಇರಿಸಿದೆವು, ಸೌದೆಯನ್ನೂ ರಟ್ಟನ್ನೂ ನೆಲದಲ್ಲಿ ಇಡುವುದನ್ನು ನಿಲ್ಲಿಸಿದೆವು. ಅಂಗಳದ ಸಿಂಪಡಣೆಯನ್ನು ಅವರು ಕೈಬಿಟ್ಟರು. ತಳಪಾಯದ್ದನ್ನು ಬಿಡಲು ಒಪ್ಪಲಿಲ್ಲ. ಮನೆ ಅವರದು. ಆ ದಿನ ನಮ್ಮಲ್ಲಿ ಉಪವಾಸ. ಉಪವಾಸದಿಂದ ಸತ್ತ ಜೀವ ಮರಳಿ ಬರುವುದಿಲ್ಲವೆಂದು ಬಲ್ಲೆವು. ನಡೆದುದು ಹಿಂಸೆಯೇ, ಅದನ್ನು ಬೇರೆ ಹೆಸರಿನಿಂದ ಕರೆದು ಸಮಾಧಾನಪಡುವ ಅಭ್ಯಾಸ ಮನೆಯಲ್ಲಿ ಬೇರೂರಬಾರದೆಂಬುದಷ್ಟೇ ಆ ಉಪವಾಸದ ಉದ್ದೇಶ.

ದಕ್ಷಿಣ ಆಫ್ರಿಕಾದಲ್ಲಿದ್ದಾಗ ಗಾಂಧೀಜಿಯವರು 1894ರಲ್ಲಿ ಜೈನ ಸಾಧಕರಾದ ಶ್ರೀಮದ್ ರಾಜಚಂದ್ರರಿಗೆ ಪತ್ರ ಬರೆದು 27 ಪ್ರಶ್ನೆಗಳನ್ನು ಕೇಳಿದ್ದು ಅನೇಕರಿಗೆ ತಿಳಿದಿದೆ. ಅವುಗಳಲ್ಲಿ ಕೊನೆಯದು ಹಾವಿನ ಕುರಿತದ್ದು: ಹಾವು ಕಚ್ಚಲು ಬಂದರೆ ಕಚ್ಚಿಸಿಕೊಳ್ಳಬೇಕೇ, ಕೊಲ್ಲಬೇಕೇ? ದೇಹ ಅನಿತ್ಯವೆಂದು ಅರಿತವನು ಅದರ ರಕ್ಷಣೆಗಾಗಿ ಮತ್ತೊಂದು ಜೀವವನ್ನು ಕೊಲ್ಲುವುದು ಉಚಿತವಲ್ಲವೆಂಬುದು ರಾಜಚಂದ್ರರ ಉತ್ತರದ ಆಶಯ. ಇಲ್ಲಿ ಬಂದು ನೆಲೆಸಿದ ಮೇಲೆ ಆ ಪ್ರಶ್ನೆ ನನಗೆ ಕೇವಲ ತತ್ತ್ವದ ಪ್ರಶ್ನೆಯಾಗಿ ಕಾಣುವುದಿಲ್ಲ. ಈ ನಾಡಿನ ಮನೆಗಳ ಹಿತ್ತಲಿಗೆ ಮಳೆಗಾಲದಲ್ಲಿ ವಿಷದ ಹಾವುಗಳು ಬರುವುದು ವಾಡಿಕೆ. ಇಲ್ಲಿಯ ಹಳಬರು ಮನೆಯ ಸುತ್ತಲಿನ ಮರಳನ್ನು ಹುಲ್ಲಿಲ್ಲದಂತೆ ಪ್ರತಿದಿನ ಗುಡಿಸುತ್ತಾರೆ. ಹಾವು ಬಂದರೆ ದೂರದಿಂದಲೇ ಕಾಣುತ್ತದೆ, ಹರಿದ ಗುರುತು ಉಳಿಯುತ್ತದೆ. ನಾವೂ ಅದನ್ನೇ ಕಲಿತೆವು. ಒಮ್ಮೆ ನೀರಿನ ಟ್ಯಾಂಕಿನ ಬಳಿ ಹಾವು ಮಲಗಿದ್ದಾಗ ಹಾವು ಹಿಡಿಯುವವರನ್ನು ಕರೆಸಿ, ಅವರು ಬರುವ ತನಕ ಎರಡು ಗಂಟೆ ಮಕ್ಕಳನ್ನು ಒಳಗಿರಿಸಿ ಕಾದೆವು. ಮುಂಜಾಗ್ರತೆಯೇ ಗೃಹಸ್ಥನ ಅಹಿಂಸೆಯ ಬಹುಪಾಲು. ಕೊಲ್ಲುವ ಸಂದರ್ಭವೇ ಒದಗದಂತೆ ಗುಡಿಸುವ ಪೊರಕೆಗೂ ಧರ್ಮದಲ್ಲಿ ಸ್ಥಾನವಿದೆ.

ಗುಡಿಸುವುದನ್ನು ನಮಗೆ ಕಲಿಸಿದವರು ನಮ್ಮ ಮನೆಗೆಲಸಕ್ಕೆ ಬರುವ ತಾಯಿ. ಅವರನ್ನು ನಾವು ‘ಮ್ಮಾ’ ಎನ್ನುತ್ತೇವೆ. ಇಲ್ಲಿ ಸ್ತ್ರೀಯರಿಗೆ ಸಲ್ಲುವ ಗೌರವದ ಸಂಬೋಧನೆ ಅದು, ನಮ್ಮ ‘ಅಮ್ಮ’ನ ನೆರೆಯಲ್ಲೇ ಇದೆ. ‘ಡುಮೆಲಾ ಮ್ಮಾ’ ಎಂದು ಮೊದಲು ವಂದಿಸದೆ ಕೆಲಸ ಹೇಳುವುದು ಇಲ್ಲಿ ಅಸಭ್ಯತೆ. ಅವರು ಬೋಬೊನೊಂಗ್ ಕಡೆಯವರು. ಮಳೆ ಬಂದ ಮೇಲೆ ಆ ಸೀಮೆಯ ಮೊಪಾನೆ ಮರಗಳಲ್ಲಿ ‘ಫಾನೆ’ ಎಂಬ ಕಂಬಳಿಹುಳು ಹೇರಳವಾಗಿ ಬೆಳೆಯುತ್ತದೆ. ಜನ ಅದನ್ನು ಬಿಡಿಸಿ, ಬೇಯಿಸಿ, ಒಣಗಿಸಿ ಆಹಾರಕ್ಕಿಟ್ಟುಕೊಳ್ಳುತ್ತಾರೆ, ಮಾರುತ್ತಾರೆ; 2000ರಲ್ಲಿ ಬಂದ 5 ಪುಲಾ ನಾಣ್ಯದ ಮೇಲೂ ಅದರ ಚಿತ್ರವಿದೆ. ಆ ದಿನಗಳಲ್ಲಿ ಮ್ಮಾ ರಜೆ ಪಡೆದು ಊರಿಗೆ ಹೋಗುತ್ತಾರೆ. ಮಕ್ಕಳ ಶಾಲೆಯ ಖರ್ಚಿಗೆ ಅದರ ಹಣವೂ ಬೇಕು.

“ಮ್ಮಾ ಕೆಟ್ಟವರೇನಪ್ಪಾ?” ಎಂದು ಮಗಳು ಕೇಳಿದಳು. ಅಲ್ಲವೆಂದು ಹೇಳಲು ನನಗೆ ಕ್ಷಣವೂ ಬೇಕಾಗಲಿಲ್ಲ. ಏಕೆ ಅಲ್ಲ ಎಂದು ವಿವರಿಸಲು ಬಹಳ ಸಮಯ ಬೇಕಾಯಿತು. ಅವರ ನಾಡಿನಲ್ಲಿ ಹಸಿವು ಯಾವ ತಿಂಗಳಿನಲ್ಲಿ ಬರುತ್ತದೆ, ಬರಗಾಲದಲ್ಲಿ ಏನು ಉಳಿಯುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ. ನಮ್ಮ ವ್ರತ ನಮ್ಮನ್ನು ತಿದ್ದಿಕೊಳ್ಳಲು ಇರುವುದೇ ಹೊರತು ಅನ್ಯರನ್ನು ಅಳೆಯುವ ಕೋಲಲ್ಲ. ಆದರೆ ಹುಳುವಿನ ಜೀವ ಜೀವವಲ್ಲವೆಂದೂ ಅವಳಿಗೆ ನಾನು ಹೇಳಲಿಲ್ಲ. ಈ ಎರಡು ಮಾತುಗಳನ್ನೂ ಒಂದೇ ಮನಸ್ಸಿನಲ್ಲಿ ಇರಿಸಿಕೊಳ್ಳುವುದು ಮಗುವಿಗೆ ಕಷ್ಟ, ದೊಡ್ಡವರಿಗೂ ಸುಲಭವಲ್ಲ.

ನಮ್ಮಿಬ್ಬರ ಅಡುಗೆಗಳು ಸೇರುವ ಜಾಗವೂ ಒಂದಿದೆ. ಮ್ಮಾ ಮಾಡುವ ‘ಬೊಗೊಬೆ’ ಜೋಳದ ಹಿಟ್ಟಿನ ಗಟ್ಟಿ ಗಂಜಿ. ನಮ್ಮ ಕಡೆಯ ಜೋಳದ ನುಚ್ಚಿನ ಒಡಹುಟ್ಟು. ‘ದಿನಾವಾ’ ಎಂದರೆ ಅಲಸಂದೆ. ಜೋಳ ಮತ್ತು ಅಲಸಂದೆಗಳ ಮೂಲನೆಲೆ ಆಫ್ರಿಕಾ ಖಂಡವೇ. ಅಲ್ಲಿಂದ ಸಹಸ್ರಾರು ವರ್ಷಗಳ ಹಿಂದೆ ಅವು ಭಾರತಕ್ಕೆ ಬಂದವು. ಬಿಳಿಜೋಳದ ರೊಟ್ಟಿಯನ್ನು ಉಂಡು ಬೆಳೆದ ನಾವು ಪರದೇಶಕ್ಕೆ ಬಂದೆವೆಂದು ಕೊರಗುತ್ತಿದ್ದಾಗ, ನಮ್ಮ ತಟ್ಟೆಯ ಅನ್ನವೇ ಈ ಖಂಡದಿಂದ ನಮ್ಮಲ್ಲಿಗೆ ಅತಿಥಿಯಾಗಿ ಬಂದುದಾಗಿತ್ತು. ಈಗ ವಾರಕ್ಕೊಮ್ಮೆ ಮ್ಮಾ ಮತ್ತು ನಮ್ಮ ಮನೆಯವರು ಒಟ್ಟಿಗೆ ಕುಳಿತು, ಸೂರ್ಯಾಸ್ತಕ್ಕೆ ಮುನ್ನ, ಜೋಳ ಮತ್ತು ಅಲಸಂದೆಯನ್ನು ಉಣ್ಣುತ್ತೇವೆ.

ಇಂದು ನಮ್ಮ ಸಮಾಜದ ಅನೇಕ ಕುಟುಂಬಗಳು ದೂರದ ಖಂಡಗಳಲ್ಲಿ ನೆಲೆಸಿವೆ. ಅಲ್ಲಿ ಹುಟ್ಟಿದ ಮಕ್ಕಳು ಊರಿನ ಆಷಾಢವನ್ನು ಕಂಡವರಲ್ಲ. ಪಂಚಾಂಗದ ಆಚರಣೆಯು ಅವರನ್ನು ಸಮಾಜದೊಡನೆ ಬೆಸೆಯುತ್ತದೆ. ಅದನ್ನು ಬಿಡಬೇಕೆಂದು ನಾನು ಹೇಳಲಾರೆ. ಆದರೆ ಕಾರಣ ತಿಳಿಯದ ನಿಯಮ ಒಂದು ತಲೆಮಾರು ಉಳಿದೀತು, ಎರಡನೆಯದಕ್ಕೆ ದಾಟುವುದು ಕಷ್ಟ. ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ಪ್ರತಿವರ್ಷ ಪರವೂರಿನ ಸದಸ್ಯರಿಗೆ ತಿಥಿಗಳ ಪಟ್ಟಿಯನ್ನು ಕಳುಹಿಸುವಾಗ ಪ್ರತಿಯೊಂದು ವ್ರತದ ಕಾರಣವನ್ನೂ ಎರಡು ಸಾಲು ಬರೆದು ಕಳುಹಿಸಿರಿ. ತಮ್ಮ ನೆಲದಲ್ಲಿ ಮಳೆ ಯಾವಾಗ, ಹುಳು ಎಲ್ಲಿ, ನೀರು ಎಷ್ಟು ಎಂಬುದನ್ನು ಆಯಾ ಮನೆಯವರು ನೋಡಿಕೊಳ್ಳುವರು.