ನಾನೇ ನಿರ್ದೇಶಕ, ನಾನೇ ಭಾಗವತ

ನಮ್ಮ ಕಣಕಟ್ಟೆ ಹೋಬಳಿಯಲ್ಲಿ ನಾಟಕ ಅಂದರೆ ಕುರುಕ್ಷೇತ್ರ. ರಾಗಿ ಕಣದ ಕೆಲಸ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡುತ್ತಾರೆ, ದುಡ್ಡು ಕಟ್ಟಿದವರಿಗೆ ಪಾರ್ಟು ಹಂಚುತ್ತಾರೆ, ತಿಂಗಳುಗಟ್ಟಲೆ ತಾಲೀಮು ನಡೆಸಿ, ಬಾಡಿಗೆ ಸೀನರಿ ತರಿಸಿ ಬೆಳಗಿನ ಜಾವದವರೆಗೆ ಆಡುತ್ತಾರೆ. ದುರ್ಯೋಧನ, ಕೃಷ್ಣ ದುಬಾರಿ. ದ್ವಾರಪಾಲಕ ಅಗ್ಗ. ನಟನೆ ಬರುತ್ತದೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ರಂಗಶಿಬಿರವೊಂದರಲ್ಲಿ ನಾಲ್ಕು ಅಕ್ಷರ ಕಲಿತು ಬಂದಿದ್ದ ನನಗೆ ಇದೆಲ್ಲ ಹಳೇ ಸರಕು ಅನ್ನಿಸಿತ್ತು. ಅರಮನೆ, ಕಾಡು, ಬೀದಿ ಬರೆದ ಪರದೆಗಳು ಬೇಡ, ಜರಿಯ ಬಟ್ಟೆ ಬೇಡ, ಕಿರೀಟ ಬೇಡ. ಬರೀ ವೇದಿಕೆ, ಕಪ್ಪು ಕುರ್ತಾ, ನಾಲ್ಕು ದೀಪ. ಆಧುನಿಕ ರಂಗಭೂಮಿ ಅಂದರೆ ಏನೇನನ್ನು ಬಿಡುತ್ತೇವೆ ಅನ್ನುವ ಪಟ್ಟಿ ಎಂದೇ ನಾನು ನಂಬಿದ್ದೆ. ಗಿರೀಶ ಕಾರ್ನಾಡರ ‘ಹಯವದನ’ವನ್ನು ಆರಿಸಿಕೊಂಡೆ. ನಿರ್ದೇಶನ ನನ್ನದು, ರಂಗಸಜ್ಜಿಕೆ ನನ್ನದು, ಬೆಳಕು ನನ್ನದು, ಭಾಗವತನ ಪಾರ್ಟೂ ನನ್ನದೇ. ಊರಿನ ಹಿರಿಯ ಹಾರ್ಮೋನಿಯಂ ಮೇಷ್ಟ್ರು ತಾಲೀಮಿನ ಜಗಲಿಗೆ ಬಂದು, “ಹಿಂದ್ಗಡೆ ಯಾರನ್ನ ನಿಲ್ಲಿಸ್ತೀಯಪ್ಪ?” ಎಂದು ಕೇಳಿದರು. “ನಮ್ಮ ನಾಟಕದಲ್ಲಿ ಹಿಂದುಗಡೆ ಅಂತ ಇಲ್ಲ ಮೇಷ್ಟ್ರೇ” ಅಂದೆ. ಎಂಥ ಉತ್ತರ! ಆ ಹೊತ್ತಿಗೆ ನನಗೆ ಬಹಳ ಮೆಚ್ಚುಗೆಯಾಗಿತ್ತು.

ನಾಟಕದ ಕೀಲು ಇರುವುದು ಕಾಳಿ ಗುಡಿಯ ದೃಶ್ಯದಲ್ಲಿ. ದೇವದತ್ತ ತಲೆ ಕಡಿದುಕೊಳ್ಳುತ್ತಾನೆ, ಅವನನ್ನು ಕಂಡು ಕಪಿಲನೂ ಕಡಿದುಕೊಳ್ಳುತ್ತಾನೆ, ಪದ್ಮಿನಿ ತಲೆಗಳನ್ನು ಅದಲುಬದಲಾಗಿ ಜೋಡಿಸುತ್ತಾಳೆ. ಕಾರ್ನಾಡರು ಇದಕ್ಕೆಂದೇ ಇಬ್ಬರಿಗೂ ಬೇರೆ ಬೇರೆ ಮುಖವಾಡ ಸೂಚಿಸಿದ್ದಾರೆ: ಮುಖವಾಡ ಬದಲಾದರೆ ತಲೆ ಬದಲಾಯಿತು. ನಾನೋ ಮುಖವಾಡ ಮಾಡಿಸುವ ಖರ್ಚನ್ನೂ ತಾಪತ್ರಯವನ್ನೂ ಉಳಿಸಿ, ಅದಕ್ಕೆ ‘ಸರಳ ಶೈಲಿ’ ಎಂದು ಹೆಸರಿಟ್ಟೆ. ಕತ್ತಲು ಮಾಡಿ, ಹುಡುಗರು ಜಾಗ ಬದಲಿಸಿಕೊಂಡರೆ ಸಾಕು ಅಂದುಕೊಂಡೆ.

ನಾಟಕ ಆಡಿದ ಊರ ಹಬ್ಬದ ರಾತ್ರಿ ಆ ಗಳಿಗೆ ಬಂತು. ದೀಪದ ಸ್ವಿಚ್ಚಿನ ಹತ್ತಿರ ಶಾಮಿಯಾನದವನ ಜೊತೆ ಬಂದಿದ್ದ ಹುಡುಗನನ್ನು ಕೂರಿಸಿದ್ದೆ. ಅವನು ನಾಟಕವನ್ನು ಒಮ್ಮೆಯೂ ನೋಡಿದವನಲ್ಲ. ಸನ್ನೆ ಕೊಡಬೇಕಾದ ನಾನು ವೇದಿಕೆಯ ಮೇಲೆ ಭಾಗವತನಾಗಿ ಹಾಡುತ್ತಿದ್ದೆ. ಹಾಡಿನ ನಡುವೆ ಕೈಯಾಡಿಸಿದೆ. ಅದು ಅಭಿನಯವೋ ಸನ್ನೆಯೋ ಅವನಿಗೆ ತಿಳಿಯಲಿಲ್ಲ. “ಈಗ್ ಆರಿಸ್ಲಾ ಸಾ?” ಎಂದು ಕೂಗಿದ. ಜನ ನಕ್ಕರು. ಆರಿಸಿದ. ದೀಪ ಆರಿತು, ಕತ್ತಲಾಗಲಿಲ್ಲ. ಊರ ಗುಡಿಗೆ ಹಬ್ಬಕ್ಕೆಂದು ಸುತ್ತಿದ್ದ ಸೀರಿಯಲ್ ಸೆಟ್ಟಿನ ಬೆಳಕಲ್ಲಿ ಸತ್ತವರಿಬ್ಬರೂ ಎದ್ದು, ಜಾಗ ಬದಲಿಸಿ, ಮತ್ತೆ ಸತ್ತದ್ದನ್ನು ಊರೆಲ್ಲ ನೋಡಿತು.

ಅಷ್ಟಕ್ಕೇ ಮುಗಿಯಲಿಲ್ಲ. ಬಾಡಿಗೆಗೆ ತಂದ ಫೋಕಸ್ ದೀಪಗಳು ಮೆಟಲ್ ಹ್ಯಾಲೈಡ್ ಬಲ್ಬಿನವು. ಆ ಜಾತಿಯ ದೀಪ ಒಮ್ಮೆ ಆರಿದರೆ ತಣ್ಣಗಾಗದೆ ಮತ್ತೆ ಹೊತ್ತುವುದಿಲ್ಲ, ಅದಕ್ಕೆ ಹತ್ತು ನಿಮಿಷವೂ ಹಿಡಿಯಬಹುದು. ಮೈದಾನಕ್ಕೆ ಬೆಳಕು ಕೊಡಲು ಸರಿ, ರಂಗದ ಕೆಲಸಕ್ಕೆ ಅಲ್ಲ. ನಾಟಕಕ್ಕೆ ಡಿಮ್ಮರಿಗೆ ಹೊಂದುವ ಹ್ಯಾಲೊಜನ್ನಿನಂಥ ದೀಪ ಬೇಕು, ಅದನ್ನು ಸಣ್ಣಗೆ ಇಳಿಸಬಹುದು, ಏರಿಸಬಹುದು. ಇದು ಬೆಳಕಿನ ಕೆಲಸದವರಿಗೆ ಮೊದಲ ದಿನದ ಪಾಠ. ನನಗೆ ಅವತ್ತು ಗೊತ್ತಾಯಿತು. ಪದ್ಮಿನಿಯ ಪಾರ್ಟಿನ ಹುಡುಗಿ ಮೈಕಿನಲ್ಲೇ, “ಮುಂದೇನು ಮಾಡ್ಲಿ ಸಾ?” ಅಂದಳು. ಬೆಳಕು ಬರುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ಉಳಿದವರಿಗೂ ಯಾರ ಮೈ ಯಾರ ತಲೆ ತಿಳಿಯಲಿಲ್ಲ, ಇಬ್ಬರಿಗೂ ಅದೇ ಕಪ್ಪು ಕುರ್ತಾ. ಕುರುಕ್ಷೇತ್ರದಲ್ಲಿ ಗದೆ ಕಂಡರೆ ಭೀಮ, ನವಿಲುಗರಿ ಕಂಡರೆ ಕೃಷ್ಣ, ಕೊನೆಯ ಸಾಲಿನಲ್ಲಿ ತೂಕಡಿಸಿ ಎದ್ದ ಅಜ್ಜಿಗೂ ಗೊತ್ತಾಗುತ್ತದೆ. ವಸ್ತ್ರವಿನ್ಯಾಸದ ಕೆಲಸ ಅಷ್ಟೇ, ಅದು ಸಣ್ಣದಲ್ಲ.

ಆಮೇಲೆ ಓದಿದೆ, ಬಲ್ಲವರ ಪ್ರಯೋಗಗಳನ್ನು ನೋಡಿದೆ. ಬರೀ ವೇದಿಕೆಗೆ ನಾನು ಪೋಲೆಂಡಿನ ಗ್ರೊಟೊವ್‌ಸ್ಕಿಯ ಹೆಸರು ಹೇಳುತ್ತಿದ್ದೆ. ಆತ ಸೀನರಿ, ಪ್ರಸಾಧನವನ್ನೆಲ್ಲ ಕಳಚಿದ್ದು ನಿಜ. ಆದರೆ ಅಲ್ಲಿ ಉಳಿಯುವ ನಟನ ಮೈಯನ್ನೂ ದನಿಯನ್ನೂ ವರ್ಷಗಟ್ಟಲೆ ಪಳಗಿಸುತ್ತಿದ್ದ. ನನ್ನ ಹುಡುಗರು ಸಂಜೆ ಹಾಲು ಡೈರಿಗೆ ಹಾಕಿ ತಾಲೀಮಿಗೆ ಬರುವವರು. ಜರ್ಮನಿಯ ನಾಟಕಕಾರ ಬ್ರೆಕ್ಟ್ ದೀಪಗಳನ್ನೇ ಜನರಿಗೆ ಕಾಣುವಂತೆ ಇಡಿಸುತ್ತಿದ್ದ, ರಂಗದ ಮಾಯೆಯನ್ನು ಬೇಕೆಂದೇ ಒಡೆಯುತ್ತಿದ್ದ. ಆ ದಾರಿ ಹಿಡಿದಿದ್ದರೆ ನನಗೆ ಕತ್ತಲೇ ಬೇಕಿರಲಿಲ್ಲ, ಹಾಡುತ್ತಲೇ ಎಲ್ಲರೆದುರು ಮುಖವಾಡ ಬದಲಿಸಬಹುದಿತ್ತು. ನಾನು ಒಬ್ಬನ ಬರಿದಾದ ವೇದಿಕೆಯನ್ನೂ ಕಾರ್ನಾಡರ ಭಾಗವತನನ್ನೂ ಮೂರನೆಯವರ ಮಾಯೆಯ ಕತ್ತಲನ್ನೂ ಕಲಸಿದ್ದೆ.

ನಾಚಿಕೆಯಾದದ್ದು ಬಿ.ವಿ. ಕಾರಂತರ ಬಗ್ಗೆ ಓದಿದಾಗ. ‘ಹಯವದನ’ವನ್ನು ಕನ್ನಡದಲ್ಲೂ ಹಿಂದಿಯಲ್ಲೂ ಆಡಿಸಿದವರು, 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ‘ಜೋಕುಮಾರಸ್ವಾಮಿ’ ಕಟ್ಟಿದವರು, 1989ರಲ್ಲಿ ಮೈಸೂರಿನ ರಂಗಾಯಣ ಶುರುಮಾಡಿದವರು. ಆ ಕಾರಂತರು ಹುಡುಗನಾಗಿದ್ದಾಗ ಸೇರಿದ್ದು ಗುಬ್ಬಿ ನಾಟಕ ಕಂಪನಿಗೆ. ನಾನು ಹಳೇ ಸರಕು ಎಂದು ಮೂಗು ಮುರಿದಿದ್ದ ಪರದೆ, ಹಾರ್ಮೋನಿಯಮ್ಮುಗಳ ನಡುವೆಯೇ ಅವರ ಪಾಠ ಮೊದಲಾಗಿತ್ತು.

ಎಲ್ಲವನ್ನೂ ನಾನೇ ಮಾಡಹೊರಟದ್ದು ಇನ್ನೊಂದು ತಪ್ಪು. ನಿರ್ದೇಶಕ ಅನ್ನುವ ಕೆಲಸಕ್ಕೆ ಬೇರೆ ಹೆಸರು, ಬೇರೆ ಮರ್ಯಾದೆ ಬಂದದ್ದೇ ಈಚೆಗೆ. ಜರ್ಮನಿಯ ಮೈನಿಂಗೆನ್ ಎಂಬ ಪುಟ್ಟ ಸಂಸ್ಥಾನದ ದೊರೆ 1874ರಲ್ಲಿ ತನ್ನ ತಂಡವನ್ನು ಬರ್ಲಿನ್ನಿಗೆ ಕಳಿಸಿದಾಗ ಯುರೋಪು ಬೆರಗಾಯಿತು. ವೇಷ, ಸಜ್ಜಿಕೆಯ ಚಿತ್ರಗಳನ್ನು ದೊರೆಯೇ ಬರೆಯುತ್ತಿದ್ದ. ಆದರೂ ತಾಲೀಮನ್ನು ಶಿಸ್ತಿನಿಂದ ನಡೆಸುವ ಹೊಣೆ ಕ್ರೊನೆಕ್ ಎಂಬ ನಟನದ್ದಾಗಿತ್ತು. ದೊರೆ ಎಲ್ಲವನ್ನೂ ತಾನೇ ಮಾಡಲಿಲ್ಲ. ನಮ್ಮ ನೀನಾಸಂ ಸಂಸ್ಥೆಯ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ಅಲ್ಲಿ ನಟರೇ ಸಾಮಾನು ಇಳಿಸಿ ರಂಗ ಕಟ್ಟುತ್ತಾರೆ. ಎಲ್ಲರೂ ಎಲ್ಲ ಮಾಡುತ್ತಾರೆ ಅನ್ನಿಸುತ್ತದೆ, ಆದರೆ ಯಾವ ಗಂಟು ಯಾರ ಕೈಯಲ್ಲಿ ಅನ್ನುವುದು ಮೊದಲೇ ನಿಕ್ಕಿಯಾಗಿರುತ್ತದೆ.

ಅವತ್ತು ಜಗಲಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು ‘ಹಿಂದ್ಗಡೆ’ ಎಂದು ಕೇಳಿದ್ದು ರಂಗ ನಿರ್ವಾಹಕನ ಬಗ್ಗೆ. ನಟರನ್ನು ಹೊತ್ತಿಗೆ ಸರಿಯಾಗಿ ಒಳಗೆ ಬಿಡುವವನು, ದೀಪದವನಿಗೂ ಸಂಗೀತದವನಿಗೂ ಸನ್ನೆ ಕೊಡುವವನು, ಕತ್ತಿ, ಕೊಡ, ಮುಖವಾಡ ಎಲ್ಲಿವೆಯೆಂದು ಬಲ್ಲವನು ಅವನೇ. ಪರದೆ ಎದ್ದ ಮೇಲೆ ನಿರ್ದೇಶಕನ ಮಾತು ನಡೆಯುವುದಿಲ್ಲ, ನಿರ್ವಾಹಕನ ಮಾತು ನಡೆಯುತ್ತದೆ. ನಮ್ಮೂರ ಕುರುಕ್ಷೇತ್ರದಲ್ಲಿ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತೇ ಈ ಕೆಲಸ ಮಾಡುತ್ತಿದ್ದರು. ಸೀನು ಎಳೆಯುವವನ ಒಂದು ಕಣ್ಣು ಸದಾ ಅವರ ಕೈಮೇಲೆ.

ನಿಮ್ಮೂರಲ್ಲಿ ಹೊಸ ನಾಟಕ ಆಡಿಸುವ ಹುಡುಗರಿದ್ದರೆ ಅವರಿಗೆ ಹೇಳಿ: ನಾಯಕನ ಪಾರ್ಟು ಯಾರಿಗೆ ಎಂದು ಜಗಳ ಶುರುವಾಗುವ ಮೊದಲೇ ಸೈಡ್ ವಿಂಗಿನಲ್ಲಿ ನಿಲ್ಲುವವನನ್ನು ಆರಿಸಿ, ಪುಸ್ತಕ ಅವನ ಕೈಗೆ ಕೊಡಿ, ಪ್ರತಿ ಸನ್ನೆಯನ್ನೂ ಅದರ ಅಂಚಿನಲ್ಲಿ ಬರೆಸಿ. ನಿರ್ದೇಶಕ ಪಾರ್ಟು ಮಾಡುವುದು ಬೇಡ. ಕೊನೆಯ ತಾಲೀಮು ಜಗಲಿಯ ಮೇಲಲ್ಲ, ಆಡುವ ಜಾಗದಲ್ಲೇ, ಕತ್ತಲಾದ ಮೇಲೆ, ಬಾಡಿಗೆಯ ಅದೇ ದೀಪ ಹಾಕಿ ಆಗಲಿ. ಆ ಹೊತ್ತಿನಲ್ಲಿ ಗುಡಿಯ ಸೀರಿಯಲ್ ಸೆಟ್ಟೂ ಉರಿಯುತ್ತಿರಲಿ.