ತಿಪ್ಪಣ್ಣ, ದಗಡು, ದುರ್ಸುನ್

ಗೋರೆಗಾಂವ್‌ಗೆ ಬಂದು ಮೂವತ್ತು ವರ್ಷ ದಾಟಿತು. ಇಲ್ಲಿ ಯಾವ ಫಾರಂ ತುಂಬಿದರೂ ನಡುವೆ ಅಪ್ಪನ ಹೆಸರು ಬರೆಯಬೇಕು. ನನ್ನಪ್ಪ ತಿಪ್ಪಣ್ಣ. ಅರ್ಥ ಕೇಳಿದವರು ನಗುತ್ತಿದ್ದರು.

ಮೊನ್ನೆ ಮೊಮ್ಮಗನ ನಾಮಕರಣಕ್ಕೆಂದು ಮಗಳು ತುರ್ಕಿ ಹೆಸರುಗಳನ್ನು ಓದುತ್ತಿದ್ದಳು. ದೆನಿಜ್ ಅಂದರೆ ಸಮುದ್ರ, ಅಸ್ಲಾನ್ ಸಿಂಹ, ದೆಮಿರ್ ಕಬ್ಬಿಣ. ಕೇಳಲು ಚೆಂದವೇ. ನನ್ನ ಮನಸ್ಸು ನಿಂತದ್ದು ಮಾತ್ರ ದುರ್ಸುನ್ ಹತ್ತಿರ. 'ಇರಲಿ, ಉಳಿಯಲಿ' ಅಂತ ಅರ್ಥ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಇಡುತ್ತಿದ್ದ ಹೆಸರು. ಯಾಶರ್ ಅಂದರೆ 'ಬದುಕುತ್ತಾನೆ'. 2015ರಲ್ಲಿ ತೀರಿಕೊಂಡ ಕಾದಂಬರಿಕಾರ ಯಾಶರ್ ಕೆಮಾಲ್ ಹೆಸರಿನಲ್ಲೂ ಅದೇ ಇದೆ.

ನಮ್ಮ ಬಳ್ಳಾರಿ ಕಡೆ ಅಂಥ ಮನೆಗಳಲ್ಲಿ ಕೂಸನ್ನು ತಿಪ್ಪೆ ಮೇಲೆ ಹೊರಳಿಸಿ ತಿಪ್ಪ ಅಂತ ಕರೆಯೋರು. ಕಸ ಅಂದುಕೊಂಡು ಸಾವು ಮುಟ್ಟದೆ ಹೋಗಲಿ ಅಂತ. ಅಪ್ಪನಿಗಿಂತ ಮುಂಚೆ ಅಜ್ಜಿ ಇಬ್ಬರನ್ನು ಕಳಕೊಂಡಿದ್ದಳು. ಇಲ್ಲಿನ ಮರಾಠಿಯವರಲ್ಲಿ ದಗಡು, ಧೋಂಡು ಇದ್ದಾರಲ್ಲ, ಎರಡೂ ಕಲ್ಲೇ!

ತುರ್ಕಿಯ ತಾಯಿ ನೇರವಾಗಿ ಬೇಡಿಕೊಂಡಳು, ನಮ್ಮವರು ಸಾವಿಗೇ ಸುಳ್ಳು ಹೇಳಿದರು. ಭಯ ಒಂದೇ.

ಮಗಳು ದೆನಿಜ್ ಅಂತಲೇ ಇಡಲಿ, ಬೇಜಾರಿಲ್ಲ. ಮುತ್ತಜ್ಜನ ಹೆಸರಿನ ಅರ್ಥವನ್ನೂ ಆ ಹುಡುಗನಿಗೆ ಹೇಳಬೇಕು, ಅಷ್ಟೇ. ನಿಮ್ಮ ಮನೆತನದಲ್ಲೂ ಒಬ್ಬ ತಿಪ್ಪಣ್ಣ ಇರಬೇಕಲ್ಲವೇ?