ನೋವು ಗ್ರಂಥವಾಗುವ ಬಗೆ

ಅನುಭವವೇ ದೊಡ್ಡ ಗುರು ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಆದರೆ ಅನುಭವ ಪಡೆದವರೆಲ್ಲರೂ ಗುರುಗಳಾಗುವುದಿಲ್ಲ, ನೋವುಂಡವರೆಲ್ಲರೂ ಗ್ರಂಥಕರ್ತರೂ ಆಗುವುದಿಲ್ಲ. ಒಂದೇ ಬಗೆಯ ಸಂಕಟ ಎರಡು ಮನೆಗಳ ಬಾಗಿಲು ತಟ್ಟಿದಾಗ ಒಂದು ಮನೆಯವರು ಅದನ್ನು ನೆನೆದು ನಿಟ್ಟುಸಿರು ಬಿಡುತ್ತಾ ಆಯುಷ್ಯ ಸವೆಸುತ್ತಾರೆ. ಇನ್ನೊಂದು ಮನೆಯಿಂದ ನೂರಾರು ವರ್ಷಗಳ ತರುವಾಯವೂ ಜನರು ಓದುವ ಪುಸ್ತಕವೊಂದು ಹೊರಬರುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ಚಿಂತಿಸಲು ಯೋಗ್ಯವಾದ ಪ್ರಶ್ನೆ.

ಅದಕ್ಕೂ ಮುನ್ನ ನಮ್ಮ ಕುಟುಂಬಗಳಲ್ಲಿ ಆಗಾಗ ಕೇಳಿಬರುವ ಒಂದು ಸಂದೇಹವನ್ನು ನಿವಾರಿಸಿಕೊಳ್ಳಬೇಕಾಗಿದೆ. ತನ್ನ ಕಷ್ಟವನ್ನು ಬರೆದು ಲೋಕದ ಮುಂದಿಡುವುದು ಸಹನೆಗೆ ವಿರುದ್ಧವಲ್ಲವೇ, ಅದು ಅಲ್ಲಾಹನ ತೀರ್ಮಾನದ ಬಗ್ಗೆ ದೂರು ಹೇಳಿದಂತಾಗುವುದಿಲ್ಲವೇ ಎಂದು ಹಲವರು ಅಳುಕುತ್ತಾರೆ. ಆ ಅಳುಕಿನ ಹಿಂದೆ ಸದ್ಭಾವನೆ ಇದೆ. ಆದರೆ ಪ್ರವಾದಿ ಯಅ್‌ಕೂಬ್(ಅ)ರವರ ವೃತ್ತಾಂತವನ್ನು ನೆನಪಿಸಿಕೊಳ್ಳೋಣ. ಮಗನ ಅಗಲಿಕೆಯಿಂದ ಅತ್ತು ಅತ್ತು ಅವರ ಕಣ್ಣುಗಳು ಬೆಳ್ಳಗಾದವು. ತಮ್ಮ ವ್ಯಥೆಯನ್ನು ಅವರು ಅಲ್ಲಾಹನ ಮುಂದೆಯೇ ತೋಡಿಕೊಂಡರು, ಹಾಗೆಂದು ವ್ಯಥೆಯೇ ಇಲ್ಲವೆಂದು ನಟಿಸಲಿಲ್ಲ. ಪ್ರವಾದಿವರ್ಯರು(ಸ) ತಮ್ಮ ಪುಟ್ಟ ಮಗ ಇಬ್ರಾಹೀಮ್ ಮಡಿಲಲ್ಲಿ ಕೊನೆಯುಸಿರೆಳೆಯುವಾಗ ಕಣ್ಣೀರಿಟ್ಟರು. ಆಶ್ಚರ್ಯದಿಂದ ಕೇಳಿದವರಿಗೆ ಅದು ಕರುಣೆಯ ಕುರುಹೆಂದು ತಿಳಿಸಿದರು. ದುಃಖ ಪಡುವುದು ಬೇರೆ, ದೇವನ ಮೇಲೆ ಮುನಿಯುವುದು ಬೇರೆ. ಬರವಣಿಗೆ ಇವೆರಡರಲ್ಲಿ ಯಾವ ದಾರಿ ಹಿಡಿಯುತ್ತದೆ ಎಂಬುದು ಬರೆಯುವವನ ಮನಸ್ಸನ್ನು ಅವಲಂಬಿಸಿದೆ.

ಮೊದಲು ಹನಫೀ ಮದ್‌ಹಬಿನ ಮಹಾವಿದ್ವಾಂಸ ಇಮಾಮ್ ಸರಖ್ಸೀಯವರನ್ನು ನೋಡೋಣ. ಆಡಳಿತಗಾರನಿಗೆ ರುಚಿಸದ ಸತ್ಯವನ್ನು ನುಡಿದುದಕ್ಕಾಗಿ ಅವರು ಇಂದಿನ ಕಿರ್ಗಿಸ್ತಾನದಲ್ಲಿರುವ ಉಝ್‌ಗಂದ್ ಪಟ್ಟಣದಲ್ಲಿ ಬಂಧಿಸಲ್ಪಟ್ಟರು. ಹಿಜರಿ 466ರ ಸುಮಾರಿಗೆ ಆರಂಭವಾದ ಆ ಸೆರೆವಾಸ ಹದಿನಾಲ್ಕು ವರ್ಷಗಳಷ್ಟು ಕಾಲ ಮುಂದುವರಿಯಿತು. ಪರಂಪರೆಯಿಂದ ಬಂದ ವಿವರಣೆಯಂತೆ ಅವರನ್ನು ಒಂದು ಹಾಳುಬಾವಿಯಂತಹ ಗುಂಡಿಯಲ್ಲಿ ಇರಿಸಲಾಗಿತ್ತು. ಶಿಷ್ಯರು ಮೇಲೆ ದಡದಲ್ಲಿ ಕುಳಿತು, ಕೆಳಗಿನಿಂದ ಬರುತ್ತಿದ್ದ ಗುರುಗಳ ಧ್ವನಿಯನ್ನು ಬರೆದುಕೊಳ್ಳುತ್ತಿದ್ದರು. ಇಂದು 30 ಸಂಪುಟಗಳಲ್ಲಿ ಮುದ್ರಿತವಾಗಿರುವ ‘ಅಲ್ ಮಬ್ಸೂತ್’ ಎಂಬ ಕರ್ಮಶಾಸ್ತ್ರ ಗ್ರಂಥ ಬೆಳೆದುದು ಹೀಗೆ. ಗಮನಿಸಬೇಕಾದ ಸಂಗತಿಯೆಂದರೆ ಈ ಬೃಹದ್ಗ್ರಂಥದ ವಸ್ತು ಅವರ ಸೆರೆವಾಸವಲ್ಲ. ಅದರಲ್ಲಿರುವುದು ನಮಾಝ್, ಝಕಾತ್, ವ್ಯಾಪಾರ, ವಿವಾಹ, ಸಾಕ್ಷ್ಯಗಳ ಕುರಿತಾದ ಚರ್ಚೆ. ಕೆಲವು ಅಧ್ಯಾಯಗಳ ಕೊನೆಯಲ್ಲಿ ಮಾತ್ರ ಇದನ್ನು ಬರೆಯಿಸಿದವನು ಸೆರೆಯಾಳು ಎಂಬರ್ಥದ ಒಂದೆರಡು ಮಾತುಗಳು ಇಣುಕುತ್ತವೆ. ಗ್ರಂಥಾಲಯವಿಲ್ಲದ ಕಡೆ ಸ್ಮರಣೆಯೇ ಗ್ರಂಥಾಲಯವಾಯಿತು. ಸೆರೆಯು ಅವರಿಂದ ಎಲ್ಲವನ್ನೂ ಕಸಿದುಕೊಂಡಿದ್ದರೂ ಕಲಿಸುವ ಕೆಲಸವನ್ನು ಕಸಿದುಕೊಳ್ಳಲಿಲ್ಲ.

ಎರಡನೆಯ ಉದಾಹರಣೆ ಇನ್ನಷ್ಟು ಹೃದಯಸ್ಪರ್ಶಿಯಾದುದು. ಸಹೀಹುಲ್ ಬುಖಾರಿಯ ವ್ಯಾಖ್ಯಾನವಾದ ‘ಫತ್‌ಹುಲ್ ಬಾರಿ’ಯನ್ನು ರಚಿಸಿದ ಇಮಾಮ್ ಇಬ್ನ್ ಹಜರ್ ಅಸ್ಕಲಾನೀಯವರ ಹೆಸರನ್ನು ಮದ್ರಸದ ಎಳೆಯ ವಿದ್ಯಾರ್ಥಿಯೂ ಬಲ್ಲನು. ಅವರ ಮನೆಯ ದುಃಖವನ್ನು ಬಲ್ಲವರು ಕಡಿಮೆ. ಹಿಜರಿ 819ರಲ್ಲಿ ಕೈರೋ ನಗರವನ್ನು ಪ್ಲೇಗ್ ಆವರಿಸಿದಾಗ ಅವರ ಇಬ್ಬರು ಹೆಣ್ಣುಮಕ್ಕಳಾದ ಫಾತಿಮಾ ಮತ್ತು ಆಲಿಯಾ ತೀರಿಕೊಂಡರು. ಹಿಜರಿ 833ರಲ್ಲಿ ಮತ್ತೆ ಬಂದ ಪಿಡುಗು ಹಿರಿಯ ಮಗಳು ಝೈನ್ ಖಾತೂನ್‌ಳನ್ನು ಗರ್ಭಿಣಿಯಾಗಿದ್ದಾಗಲೇ ಕರೆದೊಯ್ದಿತು. ಈ ಎರಡು ಆಘಾತಗಳ ನಡುವೆ ಅವರ ‘ಬದ್ಲುಲ್ ಮಾಊನ್’ ಎಂಬ ಕೃತಿ ರೂಪುಗೊಂಡಿತು. 819ರಲ್ಲಿ ಆರಂಭಿಸಿದ ಅದನ್ನು ಅವರು ಮುಗಿಸಿದುದು 833ರಲ್ಲಿ.

ಮೂವರು ಮಕ್ಕಳನ್ನು ಮಣ್ಣಿಗೊಪ್ಪಿಸಿದ ತಂದೆ ಬರೆದ ಪುಸ್ತಕವೆಂದರೆ ಶೋಕಗೀತೆಯಾಗಿರಬೇಕೆಂದು ನಾವು ಊಹಿಸುತ್ತೇವೆ. ಆದರೆ ಅದು ಪ್ಲೇಗಿನ ಸ್ವರೂಪ, ಅದರ ಕುರಿತಾದ ಹದೀಸ್‌ಗಳು, ರೋಗವಿರುವ ಊರಿನ ವಿಷಯದಲ್ಲಿ ಪಾಲಿಸಬೇಕಾದ ನಿಯಮ, ರೋಗಿಯನ್ನು ಸಂದರ್ಶಿಸುವ ಕ್ರಮ, ಹಿಂದಿನ ಪಿಡುಗುಗಳ ಇತಿಹಾಸ ಇವುಗಳನ್ನು ಒಂದೊಂದಾಗಿ ಪರಿಶೀಲಿಸುವ ಶಾಸ್ತ್ರೀಯ ಗ್ರಂಥ. ಅದರಲ್ಲಿ ಅವರು ಕಣ್ಣಾರೆ ಕಂಡ ಒಂದು ಘಟನೆಯೂ ದಾಖಲಾಗಿದೆ. 833ರಲ್ಲಿ ಕೈರೋದ ಜನರು ಮೂರು ದಿನ ಉಪವಾಸ ಆಚರಿಸಿ, ಪಿಡುಗು ತೊಲಗಲೆಂದು ಪ್ರಾರ್ಥಿಸಲು ಊರ ಹೊರಗಿನ ಬಯಲಿನಲ್ಲಿ ಒಂದುಗೂಡಿದರು. ಅದಕ್ಕೆ ಮೊದಲು ದಿನವೊಂದಕ್ಕೆ 40ಕ್ಕಿಂತ ಕಡಿಮೆಯಿದ್ದ ಸಾವಿನ ಸಂಖ್ಯೆ ಆ ತಿಂಗಳು ಮುಗಿಯುವ ಮುನ್ನವೇ 1,000ವನ್ನು ಮೀರಿತು. ಪ್ರಾರ್ಥನೆಯ ಮಹತ್ವವನ್ನು ಎಳ್ಳಷ್ಟೂ ಕಡೆಗಣಿಸದ ಆ ಹದೀಸ್ ವಿದ್ವಾಂಸರು ಈ ಲೆಕ್ಕವನ್ನು ಮುಚ್ಚಿಡಲಿಲ್ಲ. ಪಿಡುಗಿನ ಕಾಲದಲ್ಲಿ ಹಾಗೆ ಗುಂಪುಗೂಡುವುದಕ್ಕೆ ಪೂರ್ವಿಕರ ಆಧಾರವಿಲ್ಲವೆಂಬ ತಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಬರೆದರು. 2020ರಲ್ಲಿ ಕೊರೋನಾ ನಮ್ಮ ಮಸೀದಿಗಳ ಬಾಗಿಲು ಮುಚ್ಚಿಸಿದಾಗ ಜಗತ್ತಿನ ಹಲವೆಡೆ ವಿದ್ವಾಂಸರು ಮತ್ತೆ ತೆರೆದು ನೋಡಿದ ಪುಸ್ತಕಗಳಲ್ಲಿ ಇದೂ ಒಂದಾಗಿತ್ತು. ತಂದೆಯೊಬ್ಬನ ಶೋಕ ಆರು ಶತಮಾನಗಳ ಅನಂತರ ಇತರರ ಮಕ್ಕಳ ರಕ್ಷಣೆಯ ಮಾತಾಗಿ ಬಂತು.

ಮೂರನೆಯದಾಗಿ, ನಮ್ಮ ದೇಶದ ಮೊದಲ ಶಿಕ್ಷಣ ಸಚಿವರಾದ ಮೌಲಾನಾ ಅಬುಲ್ ಕಲಾಮ್ ಆಝಾದ್. ಭಾರತ ಬಿಟ್ಟು ತೊಲಗಿ ನಿರ್ಣಯ ಅಂಗೀಕಾರವಾದ ಮರುದಿನ, ಅಂದರೆ 1942ರ ಆಗಸ್ಟ್ 9ರಂದು, ಮುಂಬಯಿಯಲ್ಲಿ ಬಂಧಿತರಾದ ಅವರನ್ನು ಅಹ್ಮದ್‌ನಗರದ ಕೋಟೆಯಲ್ಲಿ ಇರಿಸಲಾಯಿತು. ಜವಾಹರಲಾಲ್ ನೆಹರೂರವರೂ ಅಲ್ಲಿಯೇ ಇದ್ದರು. ಆರಂಭದಲ್ಲಿ ಪತ್ರ ವ್ಯವಹಾರಕ್ಕೆ ಅವಕಾಶವಿರಲಿಲ್ಲ. ಆಗ ಮೌಲಾನಾರವರು ತಮ್ಮ ಆಪ್ತಮಿತ್ರ ಮೌಲಾನಾ ಹಬೀಬುರ್‍ರಹ್ಮಾನ್ ಖಾನ್ ಶೆರ್‌ವಾನೀಯವರನ್ನು ಉದ್ದೇಶಿಸಿ, ಅಂಚೆಗೆ ಹಾಕುವ ಆಸೆಯೇ ಇಲ್ಲದ ಪತ್ರಗಳನ್ನು ಬರೆಯತೊಡಗಿದರು. ಮುಂಜಾನೆಯ ಚಹಾ, ಕೋಣೆಯೊಳಗೆ ಗೂಡು ಕಟ್ಟಿದ ಗುಬ್ಬಚ್ಚಿಗಳು, ಸಂಗೀತ, ತತ್ತ್ವಶಾಸ್ತ್ರ, ಇತಿಹಾಸ ಹೀಗೆ ಮನಸ್ಸು ಹರಿದತ್ತ ಲೇಖನಿ ಹರಿಯಿತು. ಅವುಗಳೇ 1946ರಲ್ಲಿ ‘ಗುಬಾರೆ ಖಾತಿರ್’ ಎಂಬ ಹೆಸರಿನಲ್ಲಿ ಪ್ರಕಟವಾದವು. ಉರ್ದು ಗದ್ಯದ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿದೆ.

ಆ ಪತ್ರಗಳಲ್ಲಿ 1943ರ ಏಪ್ರಿಲ್ ತಿಂಗಳಿನದೊಂದು ಪತ್ರವನ್ನು ಓದಿದವರು ಮರೆಯಲಾರರು. ಕಲ್ಕತ್ತೆಯಲ್ಲಿ ಅವರ ಪತ್ನಿ ಝುಲೈಖಾ ಬೇಗಮ್ ಅಸ್ವಸ್ಥರಾಗಿದ್ದರು. ಸರಕಾರಕ್ಕೆ ಒಂದು ಕೋರಿಕೆ ಸಲ್ಲಿಸುವುದಾದರೆ ತಲುಪಿಸುತ್ತೇನೆಂದು ಸೆರೆಮನೆಯ ಅಧಿಕಾರಿ ಸೂಚಿಸಿದನು. ತಮ್ಮನ್ನು ಬಂಧಿಸಿದವರ ಮುಂದೆ ಕೈಚಾಚಲು ಮೌಲಾನಾ ಒಪ್ಪಲಿಲ್ಲ. ಏಪ್ರಿಲ್ 9ರಂದು ಆಕೆ ನಿಧನರಾದರು. 36 ವರ್ಷಗಳ ದಾಂಪತ್ಯ ಮುಗಿಯಿತು, ಜನಾಝಾಕ್ಕೆ ಪತಿ ಇರಲಿಲ್ಲ. ಇಲ್ಲಿಯವರೆಗಿನದನ್ನು ಯಾವ ಜೀವನಚರಿತ್ರೆಕಾರನಾದರೂ ಬರೆಯಬಲ್ಲನು. ಮೌಲಾನಾರವರಿಂದ ಮಾತ್ರ ಸಾಧ್ಯವಾದುದು ಮುಂದಿನ ಮಾತು. ಆ ದಿನಗಳಲ್ಲಿ ತಾವು ಯಾವ ದಿನಚರಿಯನ್ನೂ ಬದಲಿಸದೆ ಶಾಂತರಾಗಿರುವಂತೆ ತೋರಿಸಿಕೊಂಡರು. ಆದರೆ ಪತ್ರಿಕೆ ತರುವವನ ಹೆಜ್ಜೆಯ ಸದ್ದು ಕೇಳಿದೊಡನೆ ಎದೆ ಬಡಿದುಕೊಳ್ಳುತ್ತಿತ್ತು. ಆ ಹೊರಗಿನ ಶಾಂತಿ ಬಹುಮಟ್ಟಿಗೆ ಮನಸ್ಸಿನ ಅಭಿಮಾನ ಆಡಿದ ನಾಟಕವಾಗಿತ್ತೆಂದು ಅವರೇ ಒಪ್ಪಿಕೊಳ್ಳುತ್ತಾರೆ. ತನ್ನ ಸಹನೆಯನ್ನೇ ಪರೀಕ್ಷೆಗೊಡ್ಡಿ, ಅದರಲ್ಲಿ ಕಲಬೆರಕೆ ಎಷ್ಟೆಂದು ಹೇಳುವ ಈ ಪ್ರಾಮಾಣಿಕತೆ ಸುಲಭವಾದುದಲ್ಲ. ಪತ್ರದ ಕೊನೆಗೆ ಅವರ ದೃಷ್ಟಿ ಕೋಟೆಯ ಅಂಗಳದಲ್ಲಿದ್ದ, ಯಾರದೆಂದು ತಿಳಿಯದ ಹಳೆಯ ಕಬರ್ ಒಂದರ ಕಡೆಗೆ ತಿರುಗುತ್ತದೆ. ದೂರದಲ್ಲಿರುವ ತನ್ನವಳ ಕಬರನ್ನು ಕಾಣಲಾಗದವನಿಗೆ ಅದೇ ಸಾಕಾಯಿತೇನೋ.

ಕನ್ನಡದ ಮಟ್ಟಿಗೆ ಹೇಳುವುದಾದರೆ ಸಾರಾ ಅಬೂಬಕರ್‌ರವರನ್ನು ಬಿಟ್ಟು ಈ ವಿಷಯ ಪೂರ್ಣವಾಗದು. 1936ರಲ್ಲಿ ಕಾಸರಗೋಡಿನಲ್ಲಿ ಜನಿಸಿದ ಅವರು, ಮುಸ್ಲಿಮ್ ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಕನ್ನಡದಲ್ಲಿ ಓದಿದರು. ಮುಂದೆ ಕಲಿಯುವ ಆಸೆ ಕೈಗೂಡಲಿಲ್ಲ, ವಿವಾಹವಾಯಿತು. ಲೇಖಕಿಯಾಗಿ ಅವರು ಬೆಳಕಿಗೆ ಬಂದುದು ನಲವತ್ತೈದರ ಆಸುಪಾಸಿನಲ್ಲಿ. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಅನಂತರ ಪುಸ್ತಕವಾಯಿತು. ತಂದೆಯ ಹಟ ಮತ್ತು ಸಿಟ್ಟಿಗೆ ಸಿಲುಕಿ ಮಗಳ ದಾಂಪತ್ಯ ಮುರಿದು, ಗಂಡನನ್ನು ಮರಳಿ ಸೇರಬೇಕಾದರೆ ಒಂದು ರಾತ್ರಿಗೆ ಇನ್ನೊಬ್ಬನ ಹೆಂಡತಿಯಾಗಬೇಕೆಂಬ ಸ್ಥಿತಿಗೆ ತಲುಪುವ ನಾದಿರಾಳ ಕಥೆ ಅದು.

ಆ ಕಾದಂಬರಿಯ ಬಗ್ಗೆ ನಮ್ಮವರಲ್ಲಿ ಅಸಮಾಧಾನವಿತ್ತು, ಇಂದಿಗೂ ಇದೆ. ಮನೆಯ ಮಾತನ್ನು ಬೀದಿಗೆ ತಂದರು ಎಂಬುದು ಮುಖ್ಯ ಆಕ್ಷೇಪ. ಅದರ ಎಲ್ಲ ನಿಲುವುಗಳನ್ನು ಒಪ್ಪಬೇಕಾಗಿಲ್ಲ. ಆದರೆ ಶಾಸ್ತ್ರ ಕಲಿತವರಾದ ನಾವು ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಮೊದಲ ಗಂಡನಿಗೆ ಮರಳಿಸುವ ಉದ್ದೇಶದಿಂದಲೇ ಏರ್ಪಡಿಸುವ ವಿವಾಹವನ್ನು ಮಾಡುವವನನ್ನೂ ಮಾಡಿಸುವವನನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದಾರೆ. ನಾದಿರಾಳನ್ನು ಕೆರೆಗೆ ನೂಕಿದುದು ದೀನ್ ಅಲ್ಲ, ದೀನಿನ ಹೆಸರು ಹೇಳಿಕೊಂಡ ಸಿಟ್ಟು ಮತ್ತು ಅಜ್ಞಾನ. ಇಂತಹ ಕೃತಿ ಓದಿ ಲೇಖಕಿಯ ಮೇಲೆ ಕೋಪಗೊಳ್ಳುವುದಕ್ಕಿಂತ ನಮ್ಮ ಮೊಹಲ್ಲಾದಲ್ಲಿ ಯಾವ ನಾದಿರಾ ಮೌನವಾಗಿ ಕುಳಿತಿದ್ದಾಳೆಂದು ವಿಚಾರಿಸುವುದು ಹೆಚ್ಚು ಪುಣ್ಯದ ಕೆಲಸ. ಸಾರಾರವರು ತಮ್ಮ ಬದುಕನ್ನು ‘ಹೊತ್ತು ಕಂತುವ ಮುನ್ನ’ ಎಂಬ ಆತ್ಮಕಥೆಯಾಗಿ ಬರೆದುದು ಎಪ್ಪತ್ತು ದಾಟಿದ ಮೇಲೆ. ಮೊದಲು ಅವರು ಬರೆದುದು ಸುತ್ತಮುತ್ತಲಿನ ಹೆಣ್ಣುಮಕ್ಕಳ ಪಾಡನ್ನು. 2023ರ ಜನವರಿಯಲ್ಲಿ ಅವರು ನಿಧನರಾದರು. 2025ರಲ್ಲಿ ಹಾಸನದ ಬಾನು ಮುಷ್ತಾಕ್‌ರವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ಮುಸ್ಲಿಮ್ ಮನೆಯೊಳಗಿನ ಹೆಣ್ಣಿನ ಮಾತು ಕನ್ನಡದ ಮೂಲಕವೇ ಜಗತ್ತನ್ನು ತಲುಪಿತು.

ಈ ಉದಾಹರಣೆಗಳಿಂದ ನಾವು ಕಲಿಯಬೇಕಾದುದೇನು? ನೋವನ್ನು ಗ್ರಂಥವಾಗಿಸುವುದು ಕೇವಲ ನೋವಿನ ತೀವ್ರತೆಯಲ್ಲ. ಮೊದಲನೆಯದಾಗಿ ಅದಕ್ಕೆ ಪೂರ್ವಸಿದ್ಧತೆ ಬೇಕು. ಸರಖ್ಸೀಯವರ ಎದೆಯಲ್ಲಿ ಅಷ್ಟು ವಿದ್ಯೆ ಮೊದಲೇ ಇಲ್ಲದಿದ್ದರೆ ಗುಂಡಿಯೊಳಗಿಂದ ಏನು ಬರುತ್ತಿತ್ತು? ಎರಡನೆಯದಾಗಿ ಕಾಲ ಬೇಕು. ಇಬ್ನ್ ಹಜರ್‌ರವರ ಗ್ರಂಥ ಪೂರ್ಣಗೊಳ್ಳಲು ಹದಿನಾಲ್ಕು ಹಿಜರಿ ವರ್ಷಗಳು ಹಿಡಿದವು. ಹಸಿ ಗಾಯದಿಂದ ಬರುವ ಮಾತು ಹೆಚ್ಚಾಗಿ ಕೂಗಾಗಿರುತ್ತದೆ. ಮೂರನೆಯದಾಗಿ, ‘ನನಗೆ ಹೀಗಾಯಿತು’ ಎಂಬಲ್ಲಿಂದ ‘ಮನುಷ್ಯರಿಗೆ ಹೀಗಾಗುತ್ತದೆ, ಆಗ ಏನು ಮಾಡಬೇಕು’ ಎಂಬಲ್ಲಿಗೆ ಮನಸ್ಸು ಸಾಗಬೇಕು. ಆಗ ಮಾತ್ರ ಅಪರಿಚಿತ ಓದುಗನಿಗೆ ಅದರಲ್ಲಿ ಪಾಲು ದೊರೆಯುತ್ತದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ನಮ್ಮ ಕಷ್ಟದ ಕಥೆಯಲ್ಲಿ ಇತರರೂ ಇರುತ್ತಾರೆ. ಅತ್ತೆ, ಅಣ್ಣ, ನೆರೆಯವರು, ಸಾಲ ಕೊಟ್ಟವರು ಎಲ್ಲರೂ ಅದರ ಪಾತ್ರಗಳು. ಪರರ ಕುಂದನ್ನು ಮುಚ್ಚುವವನ ಕುಂದನ್ನು ಅಲ್ಲಾಹನು ಮುಚ್ಚುವನೆಂದು ನಾವು ಕಲಿತಿದ್ದೇವೆ. ಗೀಬತ್‌ಗೆ ಮುದ್ರಣದ ಅಂಗಿ ತೊಡಿಸಿದರೆ ಅದು ಸಾಹಿತ್ಯವಾಗುವುದಿಲ್ಲ. ಅದೇ ವೇಳೆ, ಅನ್ಯಾಯಕ್ಕೊಳಗಾದವರಿಗೆ ತಮ್ಮ ಅನ್ಯಾಯವನ್ನು ಹೇಳಿಕೊಳ್ಳುವ ಹಕ್ಕನ್ನು ನಮ್ಮ ದೀನ್ ಕೊಟ್ಟಿದೆ ಎಂಬುದನ್ನೂ ಮರೆಯಬಾರದು. ಮಾನದ ಹೆಸರಿನಲ್ಲಿ ಸಂತ್ರಸ್ತರ ಬಾಯಿ ಮುಚ್ಚಿಸುವುದು ಪರದೆಯಲ್ಲ. ತಪ್ಪನ್ನು ಬಯಲಿಗೆಳೆದು ವ್ಯಕ್ತಿಯ ಗುರುತನ್ನು ಮರೆಮಾಡಲು ಕಥೆ, ಕಾದಂಬರಿಗಳು ಒಳ್ಳೆಯ ದಾರಿ.

ಕೊನೆಯದಾಗಿ ನಮ್ಮ ಕುಟುಂಬಗಳಲ್ಲಿ ಒಂದು ವಿನಂತಿ. ನಮ್ಮ ಮನೆಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಜ್ಜಿಯರಿದ್ದಾರೆ. ಗಲ್ಫಿನ ಬಿಸಿಲಿನಲ್ಲಿ ಯೌವನ ಕಳೆದು, ಮಕ್ಕಳ ಬಾಲ್ಯವನ್ನು ಪತ್ರ ಮತ್ತು ಕ್ಯಾಸೆಟ್‌ಗಳಲ್ಲೇ ಕೇಳಿದ ತಂದೆಯಂದಿರಿದ್ದಾರೆ. ಅವರು ಗ್ರಂಥ ಬರೆಯಲಾರರು. ಹಲವರಿಗೆ ಬರೆಯಲೇ ಬಾರದು. ಆದರೆ ಸರಖ್ಸೀಯವರಿಗೂ ಗುಂಡಿಯ ದಡದಲ್ಲಿ ಕುಳಿತು ಬರೆದುಕೊಳ್ಳುವ ಶಿಷ್ಯರು ಬೇಕಾಗಿದ್ದರು. ಶಾಲೆ ಕಾಲೇಜು ಕಲಿತ ನಮ್ಮ ಮಕ್ಕಳು ಆ ಶಿಷ್ಯರಾಗಲಿ. ವಾರಕ್ಕೊಂದು ಸಂಜೆ ಹಿರಿಯರ ಪಕ್ಕದಲ್ಲಿ ಕುಳಿತು, ಯಾವ ವರ್ಷ, ಯಾವ ಊರು, ಕೂಲಿ ಎಷ್ಟು, ಅಕ್ಕಿ ಎಲ್ಲಿಂದ ತಂದಿರಿ ಎಂದು ಕೇಳಿ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಲಿ. ಹೇಳಲು ಒಲ್ಲದ್ದನ್ನು ಒತ್ತಾಯಿಸಿ ಕೇಳದಿರಲಿ. ಆ ನೋಟ್ ಪುಸ್ತಕ ಅಚ್ಚಾಗದಿದ್ದರೂ ಚಿಂತೆಯಿಲ್ಲ. ತನ್ನ ಅನ್ನದ ಹಿಂದೆ ಯಾರ ಬೆವರಿದೆ ಎಂಬುದು ಮನೆಯ ಮುಂದಿನ ಮಗುವಿಗೆ ತಿಳಿದರೆ ಸಾಕು.

ಲೇಖನಿಯ ಮೇಲೆ ಆಣೆಯಿಟ್ಟ ಅಲ್ಲಾಹನು ನಮ್ಮ ನೋವುಗಳನ್ನು ಪರರಿಗೆ ಪ್ರಯೋಜನವಾಗುವ ಜ್ಞಾನವನ್ನಾಗಿ ಮಾರ್ಪಡಿಸಲಿ. ಆಮೀನ್.